ಚಕ್ರದ ಕಲ್ಲು ತೆಗೆದ ಮೇಲೆ ಶುರುವಾಗುವ ಸಂಬಳ: ಚಿಕ್ಕಬಳ್ಳಾಪುರದ ಒಂದು ಪ್ರಕರಣ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ ನನ್ನ ಆಫೀಸು. ಆದಾಯ ತೆರಿಗೆ ರಿಟರ್ನು, ಪಿಎಫ್ ಕ್ಲೇಮು, ಬ್ಯಾಂಕ್ ಸಾಲಕ್ಕೆ ಬೇಕಾದ ಕಾಗದಪತ್ರ, ಇದು ನನ್ನ ಕಸುಬು. ಮೊದಲೆಲ್ಲ ಬರುತ್ತಿದ್ದವರು ದ್ರಾಕ್ಷಿ ತೋಟದವರು, ಶಿಡ್ಲಘಟ್ಟದ ರೇಷ್ಮೆ ರೀಲರುಗಳು, ಮೇಷ್ಟ್ರುಗಳು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಬಾಗಿಲು ತೆರೆದ ಮೇಲೆ ಬೇರೆ ಬಗೆಯ ಗಿರಾಕಿಗಳೂ ಸೇರಿಕೊಂಡರು: ಲೋಡರುಗಳು, ಕ್ಯಾಬ್ ಚಾಲಕರು, ಸೆಕ್ಯುರಿಟಿಯವರು, ಕೌಂಟರಿನಲ್ಲಿ ಕೂರುವ ಹುಡುಗಿಯರು, ವಿಮಾನದ ಒಳಗೇ ಕೆಲಸ ಮಾಡುವ ನಾಲ್ಕಾರು ಮಂದಿ. ಇವರ ಸಂಬಳದ ಸ್ಲಿಪ್ಪು ಓದಿ ಓದಿ ವಿಮಾನದ ವ್ಯಾಪಾರ ನನಗೆ ಸ್ವಲ್ಪ ಸ್ವಲ್ಪವೇ ತಲೆಗೆ ಹತ್ತಿತು. ನಾನು ವಿಮಾನ ಹತ್ತಿದ್ದು ಮಾತ್ರ ಮೂರೇ ಸಲ.

ಇಲ್ಲಿ ಬರೆಯುತ್ತಿರುವುದು ಅಂಥ ಒಂದು ಮನೆಯ ಪ್ರಕರಣ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಕಂಪನಿ ಯಾವುದು, ಯಾವ ಊರಿನ ಮಾರ್ಗ ಎಂಬುದನ್ನು ಹೇಳುವುದಿಲ್ಲ. ಸಂಬಳದ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಎರಡು ಸ್ಲಿಪ್ಪು

ಡಿಸೆಂಬರಿನ ಒಂದು ಸಂಜೆ ಅಪ್ಪ ಮಗಳು ಇಬ್ಬರೂ ಬಂದರು. ಅಪ್ಪ ಗೌರಿಬಿದನೂರು ರೂಟಿನ ಖಾಸಗಿ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕಂಡಕ್ಟರ್ ಆಗಿದ್ದವರು. ಈಗ ಮಂಡಿ ನೋವು, ಮನೆಯಲ್ಲೇ ಇದ್ದಾರೆ. ಮಗಳು ಒಂದು ಸಣ್ಣ ಪ್ರಾದೇಶಿಕ ವಿಮಾನ ಕಂಪನಿಯಲ್ಲಿ ಕ್ಯಾಬಿನ್ ಸಿಬ್ಬಂದಿ. ಕಂಪನಿಯದು ಎಂಬತ್ತರೊಳಗಿನ ಸೀಟಿನ ಜೆಟ್ಟು. ಮನೆ ಮೇಲೆ ಇನ್ನೊಂದು ಮಹಡಿ ಏರಿಸಲು ಸಾಲ ಬೇಕು, ಬ್ಯಾಂಕಿನವರು ಆರು ತಿಂಗಳ ಸ್ಲಿಪ್ಪು ಕೇಳಿದ್ದಾರೆ. ಸ್ಲಿಪ್ಪು ಜೋಡಿಸುವಾಗಲೇ ಅಪ್ಪನ ಕಣ್ಣಿಗೆ ಬಿದ್ದಿದ್ದು: ಸೆಪ್ಟೆಂಬರಿಗಿಂತ ನವೆಂಬರಿನಲ್ಲಿ ಎಂಟು ಸಾವಿರದ ಮೇಲೆ ಕಮ್ಮಿ ಬಂದಿದೆ.

"ಇವಳು ಒಂದು ದಿನ ರಜಾ ಹಾಕಿಲ್ಲ ಸಾರ್. ಬೆಳಗಿನ ಜಾವ ಎರಡು ಗಂಟೆಗೆ ಎದ್ದು ಓಯ್ತಾಳೆ. ಎಲ್ಲೋ ಮುರ್ಕೊಂಡವ್ರೆ, ನೀವು ಒಂದು ಸಲ ನೋಡಿ" ಅಂದರು.

ನೋಡಿದೆ. ಎಲ್ಲೂ ಮುರಿದಿರಲಿಲ್ಲ. ಎರಡೂ ತಿಂಗಳಲ್ಲಿ ನಿಗದಿತ ಸಂಬಳ 26,000. ಅದರ ಕೆಳಗೆ ಹಾರಾಟದ ಭತ್ಯೆ, ಗಂಟೆಗೆ 300ರಂತೆ. ಸೆಪ್ಟೆಂಬರಿನಲ್ಲಿ 72 ಗಂಟೆ, 21,600. ನವೆಂಬರಿನಲ್ಲಿ 44 ಗಂಟೆ, 13,200. ಒಟ್ಟು 47,600 ಇದ್ದದ್ದು 39,200ಕ್ಕೆ ಇಳಿದಿತ್ತು. ಸಂಬಳ ತಡವಾಗಿರಲಿಲ್ಲ, ಪಿಎಫ್ ಕಟ್ಟಿದ್ದರು, ಗುಣಾಕಾರ ಭಾಗಾಕಾರ ಎಲ್ಲ ಸರಿಯಿತ್ತು.

"ಹಾಗಾದ್ರೆ ನವೆಂಬರಲ್ಲಿ ಕೆಲಸ ಕಮ್ಮಿ ಇತ್ತೇನಮ್ಮ?" ಎಂದು ಕೇಳಿದೆ. ಅವಳು ಬ್ಯಾಗಿನಿಂದ ಒಂದು ಪುಟ್ಟ ಡೈರಿ ತೆಗೆದಳು. ಅಪ್ಪ ಟ್ರಿಪ್‌ಶೀಟು ಬರೆದಿಡುತ್ತಿದ್ದುದನ್ನು ನೋಡಿ ಬೆಳೆದ ಹುಡುಗಿ, ಅದೇ ಅಭ್ಯಾಸ ಬಂದಿತ್ತು. ದಿನಾ ಎಷ್ಟು ಗಂಟೆಗೆ ಏರ್‌ಪೋರ್ಟಿನಲ್ಲಿ ಹಾಜರಿ ಕೊಟ್ಟೆ, ಎಷ್ಟಕ್ಕೆ ಡ್ಯೂಟಿ ಬಿಟ್ಟೆ ಎಂದು ಬರೆದಿದ್ದಳು. ಕೂಡಿಸಿದೆವು. ಸೆಪ್ಟೆಂಬರಿನಲ್ಲಿ ಡ್ಯೂಟಿ 172 ಗಂಟೆ, ನವೆಂಬರಿನಲ್ಲಿ 151. ಎರಡೂ ಮೂವತ್ತು ದಿನದ ತಿಂಗಳು, ಹೋಲಿಸಲು ಅಡ್ಡಿಯಿಲ್ಲ. ಡ್ಯೂಟಿ ಎಂಟರಲ್ಲಿ ಒಂದು ಪಾಲಿನಷ್ಟು ಇಳಿದಿದೆ, ಭತ್ಯೆ ಮಾತ್ರ ಮೂರರಲ್ಲಿ ಒಂದು ಪಾಲಿಗೂ ಮೀರಿ ಕುಸಿದಿದೆ. ಡ್ಯೂಟಿಯ ಪ್ರತಿ ಗಂಟೆಗೆ ಹಂಚಿದರೆ ಭತ್ಯೆ 126 ರೂಪಾಯಿಯಿಂದ 87ಕ್ಕೆ ಬಂದಿತ್ತು.

ಗುಟ್ಟು ಇರುವುದು 'ಬ್ಲಾಕ್ ಅವರ್' ಎಂಬ ಪದದಲ್ಲಿ. ನಿಂತ ವಿಮಾನ ಜರುಗದಂತೆ ಚಕ್ರಕ್ಕೆ ಅಡ್ಡ ಇಡುವ ದಿಮ್ಮಿಗೆ ಚಾಕ್ಸ್ ಎನ್ನುತ್ತಾರೆ. ಹೊರಡಲು ಅದನ್ನು ತೆಗೆದು ವಿಮಾನ ಜರುಗಿದ ಗಳಿಗೆಯಿಂದ, ಇಳಿದು ನಿಂತು ಮತ್ತೆ ಅದನ್ನು ಇಟ್ಟ ಗಳಿಗೆಯವರೆಗೆ ಬ್ಲಾಕ್ ಅವರ್. ಭತ್ಯೆ ಅಷ್ಟಕ್ಕೇ. ಇದನ್ನು ವಿವರಿಸುತ್ತಿದ್ದಾಗ ಅಪ್ಪ ನಡುವೆ ಬಾಯಿ ಹಾಕಿದರು. "ಅಂಗಾದ್ರೆ ಚಕ್ರದ ಕಲ್ಲು ತೆಗೆದ್ರೆ ದುಡ್ಡು, ಕಲ್ಲು ಕೊಟ್ರೆ ಇಲ್ಲ ಅನ್ನಿ. ನಮಗೂ ಬಸ್ಸು ಸ್ಟ್ಯಾಂಡಲ್ಲಿ ನಿಂತಿದ್ರೆ ಭತ್ಯೆ ಇರ್ಲಿಲ್ಲ. ಆದ್ರೆ ನಿಂತಾಗ ನಾವು ಟೀ ಕುಡೀತಿದ್ವಿ. ಇವಳಿಗೆ ನಿಂತಾಗಲೇ ಅಲ್ವಾ ಜಾಸ್ತಿ ಕೆಲಸ?"

ನಿಜ. ವಿಮಾನ ನಿಂತ ಆ ಅರ್ಧ ಗಂಟೆಯಲ್ಲೇ ಪ್ರಯಾಣಿಕರನ್ನು ಇಳಿಸುವುದು, ಸೀಟಿನ ಸಂದಿಯ ಕಸ ತೆಗೆಯುವುದು, ಬಿಟ್ಟುಹೋದ ಸಾಮಾನು ಇದೆಯೇ ಎಂದು ತಡಕುವುದು, ಮತ್ತೆ ಹತ್ತಿಸುವುದು, ಮೇಲಿನ ಗೂಡಿಗೆ ಭಾರದ ಬ್ಯಾಗು ಎತ್ತಿಕೊಡುವುದು. ಮೇಲೆ ಹಾರುತ್ತಿರುವಾಗ ನೀರು ಕೊಟ್ಟು ಹತ್ತು ನಿಮಿಷ ಕೂರಲಾದರೂ ಸಿಗುತ್ತದೆ.

ದೊಡ್ಡ ವಿಮಾನದಲ್ಲೂ ಲೆಕ್ಕ ಇದೇ. ಆದರೆ ಅಲ್ಲಿ ಇದು ಅಷ್ಟಾಗಿ ಕಚ್ಚುವುದಿಲ್ಲ. ಬೆಂಗಳೂರಿನಿಂದ ದೆಹಲಿಗೆ ಹೋಗಿ ಬಂದರೆ ಸುಮಾರು ಐದೂವರೆ ಗಂಟೆ ಬ್ಲಾಕ್, ಜನ ಹತ್ತಿಸಿ ಇಳಿಸುವುದು ಎರಡು ಸಲ. ಐವತ್ತೈದು ನಿಮಿಷದ ಸಣ್ಣ ಮಾರ್ಗದಲ್ಲಿ ಅದೇ ಐದೂವರೆ ಗಂಟೆ ಗಿಟ್ಟಿಸಬೇಕಾದರೆ ಆರು ಸೆಕ್ಟರ್ (ಒಂದು ಸಲ ಏರಿ ಇಳಿದರೆ ಒಂದು ಸೆಕ್ಟರ್) ಹಾರಬೇಕು. ಆರು ಸಲ ಹತ್ತಿಸಬೇಕು, ಆರು ಸಲ ಇಳಿಸಬೇಕು, ಆರು ಸಲ ಬೆಲ್ಟು ಕಟ್ಟುವುದು ಹೇಗೆಂದು ತೋರಿಸಬೇಕು. ಸಂಬಳದ ಗಂಟೆ ಒಂದೇ, ಮೈ ನೋವು ಮೂರು ಪಟ್ಟು.

ಹಾಗಾದರೆ ನವೆಂಬರಿನಲ್ಲಿ ಆದದ್ದೇನು? ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಅಕ್ಟೋಬರಿನ ಬದಲಾವಣೆಯಲ್ಲಿ ಅವಳು ಹೆಚ್ಚಾಗಿ ಹೋಗುತ್ತಿದ್ದ ಊರಿಗೆ ದಿನಕ್ಕೆ ಎರಡು ಸಲ ಇದ್ದ ವಿಮಾನ ಒಂದಕ್ಕೆ ಇಳಿಯಿತು. ಮಧ್ಯಾಹ್ನದ ಜೋಡಿ ಹೋಯಿತು. ಆ ಜಾಗಕ್ಕೆ ರೋಸ್ಟರಿನಲ್ಲಿ ಬಂದದ್ದು ಏರ್‌ಪೋರ್ಟ್ ಸ್ಟ್ಯಾಂಡ್‌ಬೈ, ಅಂದರೆ ಯಾರಿಗಾದರೂ ಹುಷಾರಿಲ್ಲದಿದ್ದರೆ ಹತ್ತಲು ಯೂನಿಫಾರ್ಮ್ ಹಾಕಿಕೊಂಡು ಕಾದು ಕೂರುವುದು. ಇನ್ನೊಂದು ಡೆಡ್‌ಹೆಡ್. ಬೇರೆ ಊರಿನಲ್ಲಿ ರಾತ್ರಿ ನಿಲ್ಲುವ ವಿಮಾನಕ್ಕೆ ಸಿಬ್ಬಂದಿ ಬೇಕಲ್ಲ, ಅಲ್ಲಿಗೆ ಪ್ರಯಾಣಿಕರ ಸೀಟಿನಲ್ಲಿ ಕೂತು ಹೋಗುವುದು. ಎರಡೂ ಡ್ಯೂಟಿಗೆ ಲೆಕ್ಕ, ಹಾರಾಟಕ್ಕೆ ಲೆಕ್ಕವಿಲ್ಲ.

ಟ್ರಿಪ್ಪಿನ ಖರ್ಚು, ಸೀಟಿನ ಖರ್ಚು

ಆ ಮಧ್ಯಾಹ್ನದ ವಿಮಾನ ಯಾಕೆ ನಿಂತಿತು ಎಂದು ಅವಳನ್ನು ಕೇಳಿದರೆ "ಲೋಡ್ ಇರ್ಲಿಲ್ಲ ಅಂಕಲ್" ಎಂದಳು, ಅಂದರೆ ಜನ ಸಾಲುತ್ತಿರಲಿಲ್ಲ. ಅದು ಅರ್ಧ ಉತ್ತರ. ಮಿಕ್ಕ ಅರ್ಧಕ್ಕೆ ಸಣ್ಣ ಜೆಟ್ಟಿನ ಜಾತಕವನ್ನೇ ನೋಡಬೇಕು.

ಮಿನಿ ಬಸ್ಸಿಗೂ ಡ್ರೈವರ್ ಒಬ್ಬನೇ, ಐವತ್ತೈದು ಸೀಟಿನ ಬಸ್ಸಿಗೂ ಒಬ್ಬನೇ. ವಿಮಾನದಲ್ಲಿ ಪೈಲಟ್ ಇಬ್ಬರು. ಐವತ್ತು ಸೀಟಿನ ಜೆಟ್ಟಿನಲ್ಲಿ ಇಪ್ಪತ್ತೈದು ಪ್ರಯಾಣಿಕರಿಗೆ ಒಬ್ಬ ಪೈಲಟ್ ಆದ ಹಾಗಾಯಿತು. 180 ಸೀಟಿನ ಏರ್‌ಬಸ್ 320ರಲ್ಲಿ ತೊಂಬತ್ತು ಮಂದಿಗೆ ಒಬ್ಬ. ಕ್ಯಾಬಿನ್ ಸಿಬ್ಬಂದಿಯ ನಿಯಮ ಬೇರೆ: ಐವತ್ತು ಸೀಟಿನವರೆಗೆ ಒಬ್ಬರು ಸಾಕು, ಐವತ್ತೊಂದು ಆದರೆ ಇಬ್ಬರು ಬೇಕು. 1992ರಲ್ಲಿ ಹಾರಾಟಕ್ಕೆ ಬಂದ ಕೆನಡಾದ ಸಿಆರ್‌ಜೆ, ಅದಾದ ನಾಲ್ಕೈದು ವರ್ಷಕ್ಕೆ ಬಂದ ಬ್ರೆಜಿಲ್‌ನ ಎಂಬ್ರಾಯರ್ 145, ಇವೆರಡೂ ಸರಿಯಾಗಿ ಐವತ್ತಕ್ಕೇ ಬಂದು ನಿಂತಿದ್ದರ ಹಿಂದೆ ಈ ನಿಯಮದ ನೆರಳೂ ಇದೆ. ಒಬ್ಬಳ ಸಂಬಳ ಉಳಿಸಲು ವಿಮಾನದ ಉದ್ದ ಅಳೆದವರು ಅವರು. ಬಾಗಿಲಿಗೇ ಜೋಡಿಸಿದ ಮಡಚುವ ಮೆಟ್ಟಿಲು ಎಂಬ್ರಾಯರ್ 145ರಲ್ಲಿ ಇದೆ. ಅದರಿಂದ ಕೆಳಗೆ ಏಣಿ ತಳ್ಳಿಕೊಂಡು ಬರುವವರ ಕೆಲಸವೂ ಉಳಿಯಿತು, ಅಥವಾ ಹೋಯಿತು. ನೀವು ಯಾವ ಕಡೆ ನಿಂತಿದ್ದೀರಿ ಎನ್ನುವುದರ ಮೇಲೆ.

ಹಾಗಾಗಿ ಸಣ್ಣ ಜೆಟ್ಟಿಗೆ ಒಂದು ಟ್ರಿಪ್ಪಿನ ಒಟ್ಟು ಖರ್ಚು ಕಮ್ಮಿ, ಒಂದು ಸೀಟಿನ ಖರ್ಚು ಜಾಸ್ತಿ. ನಲವತ್ತೇ ಜನ ಬರುವ ಊರಿಗೆ 180 ಸೀಟಿನ ವಿಮಾನ ಹಾಕಿದರೆ ಮುಳುಗುತ್ತೀರಿ, ಸಣ್ಣದು ಹಾಕಿದರೆ ಬದುಕಬಹುದು. ಆದರೆ ಆ ನಲವತ್ತು ಜನವೂ ದುಬಾರಿ ಟಿಕೆಟ್ ಕೊಳ್ಳುವವರಾಗಿರಬೇಕು. ತೈಲದ ಬೆಲೆ ಏರಿದರೆ ಮೊದಲು ಉಸಿರು ಕಟ್ಟುವುದು ಈ ಸಣ್ಣವಕ್ಕೇ. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿದ್ದು ನೆನಪಿರಬಹುದು. ಅಮೆರಿಕದಲ್ಲಿ ಐವತ್ತು ಸೀಟಿನ ಜೆಟ್ಟುಗಳು ಸಾಲುಸಾಲಾಗಿ ಮೂಲೆ ಸೇರತೊಡಗಿದ್ದು ಅಲ್ಲಿಂದಾಚೆಗೆ. ಕೊನೆಯ ಸಿಆರ್‌ಜೆ 2021ರಲ್ಲಿ ಕಾರ್ಖಾನೆಯಿಂದ ಹೊರಬಂತು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಹತ್ತಿರದ ಊರುಗಳಿಗೆ ಜೆಟ್ಟಿಗಿಂತ ಪ್ರೊಪೆಲರಿನ ಎಟಿಆರ್ 72 ಅಗ್ಗ. ಜೆಟ್ಟು ಗಂಟೆಗೆ ಎಂಟುನೂರು ಕಿಲೋಮೀಟರ್ ದಾಟಿ ಹೋಗಬಲ್ಲದು, ಎಟಿಆರ್ ಐನೂರರ ಆಸುಪಾಸು. ಆದರೆ ನಾಲ್ಕುನೂರು ಕಿಲೋಮೀಟರ್ ದಾರಿಯಲ್ಲಿ ಜೆಟ್ಟು ಮೇಲೇರಿ ಸ್ಥಿರವಾಗುವಷ್ಟರಲ್ಲಿ ಇಳಿಯಲು ಶುರು ಮಾಡಬೇಕು. ಉಳಿಯುವುದು ಹತ್ತು ಹದಿನೈದು ನಿಮಿಷ, ಅದಕ್ಕೆ ಸುಡುವ ಇಂಧನ ಎಷ್ಟೋ ಹೆಚ್ಚು. ಶಿವಮೊಗ್ಗದಲ್ಲಿ 2023ರ ಆಗಸ್ಟ್ 31ರಂದು ಮೊದಲು ಇಳಿದ ಪ್ರಯಾಣಿಕರ ವಿಮಾನ ಎಟಿಆರ್ ಆಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಸಣ್ಣ ಜೆಟ್ಟು ತನ್ನ ಬೆಲೆ ತೋರಿಸುವುದು ಎಂಟುನೂರು, ಸಾವಿರ ಕಿಲೋಮೀಟರ್ ಮೇಲಿನ ಜೋಡಿ ಊರುಗಳಲ್ಲಿ. ಈ ಹುಡುಗಿಯ ಕಂಪನಿ ಅದೇ ಜೆಟ್ಟನ್ನು ಬೆಳಿಗ್ಗೆ ದೂರದ ಊರಿಗೂ ನಡುವೆ ಹತ್ತಿರದ ಊರಿಗೂ ಓಡಿಸುತ್ತಿತ್ತು. ನಡುವಿನದು ಹೊರೆಯಾಗಿತ್ತು.

ಮತ್ತೆ ಯಾಕೆ ಜನ ಸಣ್ಣ ಜೆಟ್ಟು ಕೊಳ್ಳುತ್ತಾರೆ? ಒಂದಿಷ್ಟು ಕಾರಣ ಕಾನೂನಿನ ಪುಸ್ತಕದಲ್ಲಿದೆ. ನಮ್ಮ ದೇಶದಲ್ಲಿ 80ಕ್ಕಿಂತ ಕಮ್ಮಿ ಸೀಟಿನ ದೇಶೀಯ ವಿಮಾನಗಳಿಗೆ ಇಳಿಯುವ ಶುಲ್ಕದ ವಿನಾಯಿತಿ ಬಹಳ ಕಾಲದಿಂದ ನಡೆದುಬಂದಿದೆ. 40,000 ಕಿಲೋ ಒಳಗಿನ ತೂಕದವಕ್ಕೆ ಇಂಧನದ ಮಾರಾಟ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟರು. 2005ರಲ್ಲಿ ಶುರುವಾದ ಪ್ಯಾರಾಮೌಂಟ್ ಏರ್‌ವೇಸ್ ಎಂಬ್ರಾಯರ್ ಜೆಟ್ಟುಗಳನ್ನು ತಂದು ನಡೆಸಿದ್ದು ಈ ಲೆಕ್ಕಾಚಾರದ ಬಲದಲ್ಲೂ ಹೌದು. 2010ಕ್ಕೆ ಅದು ನಿಂತಿತು. ವಿಜಯವಾಡದ ಏರ್ ಕೋಸ್ಟಾ 2013ರಲ್ಲಿ ಅದೇ ಬಗೆಯ ವಿಮಾನ ತಂದು 2017ರಲ್ಲಿ ಬಾಗಿಲು ಹಾಕಿತು. ಎಟಿಆರ್ ಓಡಿಸುತ್ತಿದ್ದ ಟ್ರೂಜೆಟ್ 2015ರಿಂದ 2022. ನನ್ನ ಹಳೆಯ ಫೈಲುಗಳಲ್ಲಿ ಇಂಥ ಕಂಪನಿಗಳ ಫಾರಂ 16 ಈಗಲೂ ಇವೆ.

ಅಮೆರಿಕದ್ದು ಇದಕ್ಕಿಂತ ಸ್ವಾರಸ್ಯ. ಅಲ್ಲಿ ದೊಡ್ಡ ಕಂಪನಿಗಳ ಪೈಲಟ್ ಸಂಘಗಳು ತಮ್ಮ ಒಪ್ಪಂದದಲ್ಲೇ ಒಂದು ಷರತ್ತು ಬರೆಸಿಕೊಂಡಿವೆ: ಕಡಿಮೆ ಸಂಬಳದ ಪ್ರಾದೇಶಿಕ ಕಂಪನಿಗೆ ನೀವು ವಹಿಸಿಕೊಡಬಹುದಾದ ವಿಮಾನ 76 ಸೀಟು ಮೀರಬಾರದು, ತೂಕ 86,000 ಪೌಂಡ್ ಮೀರಬಾರದು. ಅದು ಸುಮಾರು 39,000 ಕಿಲೋ. ನಮ್ಮ ತೆರಿಗೆಯ ಗೆರೆಯ ಪಕ್ಕದಲ್ಲೇ ಬರುತ್ತದೆ. ಎಂಬ್ರಾಯರ್ ಕಂಪನಿ ತನ್ನ 175 ಎಂಬ ಸಣ್ಣ ಜೆಟ್ಟಿನ ಹೊಸ ಪೀಳಿಗೆಯನ್ನು ತಯಾರಿಸಹೊರಟಾಗ ಹೊಸ ಎಂಜಿನ್ ಭಾರವಾಗಿ ಆ ಗೆರೆ ದಾಟಿಬಿಟ್ಟಿತು, ಅಮೆರಿಕದಲ್ಲಿ ಕೊಳ್ಳುವವರೇ ಇಲ್ಲದಾಯಿತು. ಅಲ್ಲಿ ಕಾರ್ಮಿಕರ ಒಪ್ಪಂದ, ಇಲ್ಲಿ ತೆರಿಗೆ. ಎಂಜಿನಿಯರರು ಕೊನೆಗೆ ಬಂದು ಅದರೊಳಗೆ ವಿಮಾನ ಹೊಂದಿಸುತ್ತಾರೆ.

ಮೂರು ವರ್ಷದ ಊರುಗೋಲು

ಈ ಮನೆಯ ಪ್ರಕರಣಕ್ಕೆ ವಾಪಸ್ ಬರುತ್ತೇನೆ. ಆ ಮಧ್ಯಾಹ್ನದ ಮಾರ್ಗ ಸಣ್ಣ ಊರುಗಳಿಗೆ ವಿಮಾನ ತಲುಪಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ ಶುರುವಾದದ್ದು. 2017ರ ಏಪ್ರಿಲ್ 27ರಂದು ಶಿಮ್ಲಾ–ದೆಹಲಿ ವಿಮಾನದೊಂದಿಗೆ ಹಾರಿದ ಯೋಜನೆ ಇದು. ವಿಮಾನದ ಅರ್ಧದಷ್ಟು ಸೀಟುಗಳನ್ನು ಸರ್ಕಾರ ಹೇಳಿದ ದರಕ್ಕೆ ಮಾರಬೇಕು; ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂಬುದು ಆರಂಭದ ಮಿತಿ. ಅದರಿಂದಾಗುವ ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ, ಬಹುತೇಕ ರಾಜ್ಯಗಳಲ್ಲಿ ಕೇಂದ್ರ 80 ಪಾಲು, ರಾಜ್ಯ 20 ಪಾಲು. ಇದಕ್ಕೆ ವಯಬಿಲಿಟಿ ಗ್ಯಾಪ್ ಫಂಡಿಂಗ್ ಎಂದು ಹೆಸರು. ಆ ಮಾರ್ಗದಲ್ಲಿ ಬೇರೆಯವರಿಗೆ ಪ್ರವೇಶವಿಲ್ಲ. ಎಲ್ಲವೂ ಮೂರು ವರ್ಷ.

ಇದರಲ್ಲಿ ನನಗೆ ಮುಖ್ಯವೆನಿಸುವುದು ಹರಾಜಿನ ರೀತಿ. ಯಾರು ಅತಿ ಕಮ್ಮಿ ನೆರವು ಸಾಕೆನ್ನುತ್ತಾರೋ ಮಾರ್ಗ ಅವರಿಗೆ. ಕಂಪನಿಯವನು ಕೂತು ಲೆಕ್ಕ ಹಾಕುವಾಗ ಇಂಧನದ ದರ ಅವನ ಕೈಯಲ್ಲಿಲ್ಲ. ವಿಮಾನದ ಬಾಡಿಗೆ, ಎಂಜಿನ್ ರಿಪೇರಿಯ ಹಣ ಡಾಲರಿನಲ್ಲಿ ಹೋಗುತ್ತದೆ, ಅದೂ ಇಲ್ಲ. ಪೈಲಟ್ ಸಂಬಳ ಇಳಿಸಿದರೆ ಅವನು ದೊಡ್ಡ ಕಂಪನಿಗೆ ಹೋಗುತ್ತಾನೆ. ಒತ್ತಿದರೆ ಬಗ್ಗುವುದು ಒಂದೇ ಜಾಗ, ಕ್ಯಾಬಿನ್ನಿನವರು ಮತ್ತು ನೆಲದ ಸಿಬ್ಬಂದಿಯ ಸಮಯ. ಹಾಗಾಗಿ 'ಹಾರಿದರೆ ಮಾತ್ರ ದುಡ್ಡು' ಎಂಬ ಏರ್ಪಾಡು ಮಾರ್ಗ ಸಿಗುವ ಮೊದಲೇ, ಆ ಹರಾಜಿನ ಕಾಗದದಲ್ಲೇ ಕೂತಿರುತ್ತದೆ. ಕಂಪನಿಗೆ ನಷ್ಟವಾದರೆ ತುಂಬಿಕೊಡಲು ನಿಧಿ ಇದೆ. ಸಿಬ್ಬಂದಿಯ ಗಂಟೆ ಕಮ್ಮಿಯಾದರೆ ತುಂಬಿಕೊಡುವ ನಿಧಿ ಇಲ್ಲ.

ಮೂರು ವರ್ಷ ಮುಗಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಮಹಾಲೇಖಪಾಲರ 2023ರ ವರದಿ ಇದೆ. ಉಡಾನ್‌ನ ಮೂರನೇ ಸುತ್ತಿನವರೆಗೆ ಕೊಟ್ಟ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112. ನೆರವು ನಿಂತ ಮೇಲೂ 2023ರ ಮಾರ್ಚ್‌ವರೆಗೆ ಓಡುತ್ತಿದ್ದವು 54. ಈ ಅಂಕಿಗಳನ್ನು ಅಪ್ಪನಿಗೆ ಓದಿ ಹೇಳಿದಾಗ ಅವರು ಒಂದು ಕ್ಷಣ ಸುಮ್ಮನಿದ್ದು, "ನಮ್ಮ ಕಡೆ ಪರ್ಮಿಟ್ ಇಸ್ಕೊಂಡು ಬಸ್ಸು ಬಿಡ್ದೇ ಇರೋರು ಇದ್ರು ಸಾರ್, ಆದ್ರೆ ಇಷ್ಟಿಲ್ಲ" ಅಂದರು.

ನಮ್ಮ ಪ್ರಕರಣದ ಮಾರ್ಗ ಆ 54ರ ಹಾಗೆ ಪೂರ್ತಿ ಉಳಿಯಲಿಲ್ಲ, ಪೂರ್ತಿ ಸಾಯಲೂ ಇಲ್ಲ, ಅರ್ಧವಾಯಿತು. ನೆರವು ನಿಂತ ಮೇಲೆ ಟಿಕೆಟ್ ದರ ಏರಿತು. ಮೊದಲು 2,500ಕ್ಕೆ ಹೋಗುತ್ತಿದ್ದವರಲ್ಲಿ ಒಂದು ಪಾಲು ರೈಲಿಗೆ, ಸ್ಲೀಪರ್ ಬಸ್ಸಿಗೆ ವಾಪಸ್ಸಾದರು. ಈಚಿನ ವರ್ಷಗಳಲ್ಲಿ ಉತ್ತರ ಕರ್ನಾಟಕದ ಕಡೆ ವಂದೇ ಭಾರತ್ ಬೇರೆ ಬಂದಿದೆ, ಧಾರವಾಡಕ್ಕೆ 2023ರಲ್ಲಿ, ಕಲಬುರಗಿಗೆ 2024ರಲ್ಲಿ, ಬೆಳಗಾವಿಗೆ 2025ರಲ್ಲಿ. ಬೆಳಗಿನ ವಿಮಾನಕ್ಕೆ ಆಫೀಸಿನ ಕೆಲಸಕ್ಕೆ ಹೋಗುವವರು ಸಿಗುತ್ತಾರೆ, ಅವರು ದರ ನೋಡುವುದಿಲ್ಲ. ಮಧ್ಯಾಹ್ನ ಹೋಗುವವರು ಮದುವೆ, ಆಸ್ಪತ್ರೆ, ತವರುಮನೆಯವರು. ಅವರು ನೋಡುತ್ತಾರೆ.

ಅದೇ ಬೀದಿಯ ಇನ್ನಿಬ್ಬರು

ಇದೇ ಹುಡುಗಿಯ ಮನೆಯಿಂದ ನಾಲ್ಕು ಮನೆ ಆಚೆ ಒಬ್ಬ ಲೋಡರ್ ಇದ್ದಾನೆ. ಗುತ್ತಿಗೆ ಏಜೆನ್ಸಿಯ ಕೆಲಸ, ಶಿಫ್ಟಿನ ಸಂಬಳ. ಸಣ್ಣ ಜೆಟ್ಟಿನ ಲಗೇಜು ಗೂಡು ತಗ್ಗು, ಒಳಗೆ ಮೊಣಕಾಲೂರಿ ತೆವಳಿಕೊಂಡೇ ಬ್ಯಾಗು ಜೋಡಿಸಬೇಕು. ವಿಮಾನ ಕಮ್ಮಿಯಾದರೆ ಅವನ ಸಂಬಳ ಇಳಿಯುವುದಿಲ್ಲ, ಅವನನ್ನು ಬೇರೆ ಕಂಪನಿಯ ವಿಮಾನಕ್ಕೆ ಹಾಕುತ್ತಾರೆ. ಅವನ ಮಟ್ಟಿಗೆ ಇದು ದೊಡ್ಡ ವಿಷಯವೇ ಅಲ್ಲ.

ದೊಡ್ಡ ವಿಷಯವಾಗಿರುವುದು ಇನ್ನೊಬ್ಬರಿಗೆ, ಮೂಲತಃ ಬಾಗೇಪಲ್ಲಿ ಕಡೆಯವರು, ವಿಮಾನ ನಿರ್ವಹಣೆಯ ಎಂಜಿನಿಯರ್. ಅವರ ಲೈಸೆನ್ಸಿನಲ್ಲಿ ಯಾವ ಮಾದರಿಯ ವಿಮಾನಕ್ಕೆ ಸಹಿ ಹಾಕಬಹುದು ಎಂದು ನಮೂದಾಗಿರುತ್ತದೆ. ಏರ್‌ಬಸ್ 320 ಇದ್ದರೆ ದೇಶದ ತುಂಬ ಕೆಲಸ. ಅಪರೂಪದ ಸಣ್ಣ ಜೆಟ್ಟು ಇದ್ದರೆ ಕೆಲಸ ಕೊಡುವ ಕಂಪನಿಗಳು ಒಂದೋ ಎರಡೋ. "ನಮ್ಮದು ಒಂದೇ ಬಾಗಿಲಿನ ಮನೆ ಸಾರ್, ಬೆಂಕಿ ಬಿದ್ರೂ ಅದ್ರಲ್ಲೇ ಆಚೆ ಬರ್ಬೇಕು" ಎಂದು ನಗುತ್ತಾರೆ. ಬೇರೆ ಮಾದರಿಯ ತರಬೇತಿಗೆ ಸ್ವಂತ ಹಣ ಹಾಕಬೇಕು, ಇಲ್ಲವೇ ಬಾಂಡ್ ಬರೆದುಕೊಡಬೇಕು. ಇಂಥವರ ಸಂಬಳ ಏರದಿರುವುದಕ್ಕೆ ಅವರ ಕೌಶಲ ಕಮ್ಮಿ ಎಂಬುದು ಕಾರಣವಲ್ಲ. ಆ ಕೌಶಲ ಕೊಳ್ಳುವ ಎರಡನೇ ಗಿರಾಕಿ ಇಲ್ಲ.

ಪೈಲಟ್ಟುಗಳ ದಾರಿ ಬೇರೆ. ಅವರಿಗೆ ಸಣ್ಣ ಜೆಟ್ಟು ಏಣಿಯ ಮೊದಲ ಮೆಟ್ಟಿಲು. ಗಂಟೆ ಕೂಡಿಸಿಕೊಂಡು ದೊಡ್ಡ ಕಂಪನಿಗೆ ಹೋಗುತ್ತಾರೆ. ಅದನ್ನು ತಡೆಯಲೋ ಎಂಬಂತೆ 2017ರ ಆಗಸ್ಟಿನಲ್ಲಿ ವಿಮಾನಯಾನದ ನಿಯಂತ್ರಕ ಡಿಜಿಸಿಎ, ಕೆಲಸ ಬಿಡುವ ಮುಂಚಿನ ನೋಟಿಸ್ ಅವಧಿಯನ್ನು ಕಮಾಂಡರಿಗೆ (ಮುಖ್ಯ ಪೈಲಟ್ಟಿಗೆ) ಒಂದು ವರ್ಷ, ಸಹ ಪೈಲಟ್ಟಿಗೆ ಆರು ತಿಂಗಳು ಮಾಡಿತು. ಅಮೆರಿಕದಲ್ಲಿ ಆ ಮೊದಲ ಮೆಟ್ಟಿಲು ಎಷ್ಟು ಕೆಳಗಿತ್ತೆಂಬುದು 2009ರ ಫೆಬ್ರುವರಿಯಲ್ಲಿ ಬಫಲೋ ಬಳಿ ಒಂದು ಪ್ರಾದೇಶಿಕ ವಿಮಾನ ಬಿದ್ದು 50 ಜನ ಸತ್ತ ಮೇಲೆ ಬಯಲಾಯಿತು. ಸಹ ಪೈಲಟ್ಟಿನ ವರ್ಷದ ಸಂಬಳ ಸುಮಾರು 16,000 ಡಾಲರ್. ಕೆಲಸದ ಊರಿನಲ್ಲಿ ಮನೆ ಮಾಡಲಾಗದೆ ದೇಶದ ಇನ್ನೊಂದು ತುದಿಯಿಂದ ರಾತ್ರಿಯಿಡೀ ಪ್ರಯಾಣಿಸಿ ಡ್ಯೂಟಿಗೆ ಬಂದಿದ್ದಾಕೆ. ನಂತರ ಅಲ್ಲಿ 1,500 ಗಂಟೆ ಹಾರಿದ ಅನುಭವ ಬೇಕೆಂಬ ನಿಯಮ ಬಂತು, ಪೈಲಟ್ ಸಿಗುವುದು ಕಷ್ಟವಾಯಿತು, 2022ರಲ್ಲಿ ಕೆಲವು ಪ್ರಾದೇಶಿಕ ಕಂಪನಿಗಳು ಹೊಸ ಸಹ ಪೈಲಟ್ಟಿಗೂ ಗಂಟೆಗೆ 90 ಡಾಲರ್ ಕೊಡಲು ಮುಂದಾದವು. ಸಂಬಳ ಏರಿತು. ಏರಿದ ಸಂಬಳವನ್ನು ಐವತ್ತೇ ಸೀಟಿಗೆ ಹಂಚಿದರೆ ವ್ಯಾಪಾರ ಗಿಟ್ಟುವುದಿಲ್ಲವಾದ್ದರಿಂದ ಸಣ್ಣ ಊರುಗಳ ವಿಮಾನವೂ ಕಮ್ಮಿಯಾಯಿತು.

ಕ್ಯಾಬಿನ್ನಿನವರಿಗೆ ಅಂಥ ಕಾಲ ಬರಲಿಲ್ಲ, ಯಾಕೆಂದರೆ ಆ ಕೆಲಸಕ್ಕೆ ಕ್ಯೂ ಯಾವಾಗಲೂ ಉದ್ದ. ಆದರೂ ಕಲ್ಲು ಕೊಟ್ಟ ಹೊತ್ತಿನ ಪ್ರಶ್ನೆಯನ್ನು ಕೆಲವರು ಎತ್ತಿದ್ದಾರೆ. ಅಮೆರಿಕದ ಡೆಲ್ಟಾ ಕಂಪನಿ 2022ರ ಜೂನಿನಿಂದ ಜನ ಹತ್ತಿಸುವ ಹೊತ್ತಿಗೂ ಗಂಟೆಯ ದರದ ಅರ್ಧ ಕೊಡಲು ಶುರು ಮಾಡಿತು. 2025ರ ಆಗಸ್ಟಿನಲ್ಲಿ ಏರ್ ಕೆನಡಾದ ಸುಮಾರು ಹತ್ತು ಸಾವಿರ ಕ್ಯಾಬಿನ್ ಸಿಬ್ಬಂದಿ ಮುಷ್ಕರಕ್ಕೆ ಇಳಿದಾಗ ಅವರ ಮುಖ್ಯ ಬೇಡಿಕೆಗಳಲ್ಲಿ ನೆಲದ ಮೇಲಿನ ಕೆಲಸದ ಸಂಬಳವೂ ಒಂದಾಗಿತ್ತು. ನನ್ನ ಮಟ್ಟಿಗೆ, ಸಣ್ಣ ಕಂಪನಿಗೆ ಡೆಲ್ಟಾ ಹಾಗೆ ಮಾಡು ಎಂದರೆ ಆಗದ ಮಾತು. ತಿಂಗಳಿಗೆ ಇಷ್ಟು ಗಂಟೆಯ ಭತ್ಯೆ ಹಾರಲಿ ಬಿಡಲಿ ಖಾತ್ರಿ ಎಂದು ಬರೆದುಕೊಡುವುದು ಆಗುವ ಮಾತು. ಇವಳ ಒಪ್ಪಂದದಲ್ಲಿ ಅರವತ್ತು ಗಂಟೆಯ ಖಾತ್ರಿ ಇದ್ದಿದ್ದರೆ ನವೆಂಬರಿನಲ್ಲಿ 4,800 ರೂಪಾಯಿ ಹೆಚ್ಚು ಬರುತ್ತಿತ್ತು. ಉಡಾನ್ ಹರಾಜಿನ ಷರತ್ತಿನಲ್ಲಿ ಒಂದು ಸಾಲು ಸೇರಿಸಿದರೆ ಎಲ್ಲ ಬಿಡ್‌ದಾರರಿಗೂ ಅದು ಸಮನಾಗಿ ಬೀಳುತ್ತದೆ.

ಬ್ಯಾಂಕು, ಮಹಡಿ

ತೆರಿಗೆಯ ವಿಷಯದಲ್ಲಿ ಒಂದು ತಮಾಷೆ ಇದೆ, ಇದನ್ನು ಹೇಳದೆ ಇರಲಾರೆ. ಸಾರಿಗೆ ವ್ಯವಸ್ಥೆಯಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ವಾಹನ ನಡೆಸುವಾಗ ಸಿಬ್ಬಂದಿಗೆ ಸ್ವಂತ ಖರ್ಚಿಗೆಂದು ಕೊಡುವ ಭತ್ಯೆಯಲ್ಲಿ ಶೇ 70, ತಿಂಗಳಿಗೆ ಇಷ್ಟೇ ಎಂಬ ಮಿತಿಯಲ್ಲಿ, ಹಳೆಯ ಪದ್ಧತಿಯಲ್ಲಿ ತೆರಿಗೆಯಿಂದ ಹೊರಗೆ. ದಿನಭತ್ಯೆ ಬೇರೆ ಪಡೆಯುತ್ತಿರಬಾರದು. ಬಸ್ಸಿನ ಕಂಡಕ್ಟರಿಗೂ ವಿಮಾನದ ಹುಡುಗಿಗೂ ಒಂದೇ ನಿಯಮ. ಅಪ್ಪನಿಗೆ ಅದನ್ನು ಬಳಸುವಷ್ಟು ಆದಾಯ ಯಾವತ್ತೂ ಇರಲಿಲ್ಲ. ಮಗಳಿಗೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬರುವುದಿಲ್ಲ, ಅಲ್ಲಿ ಈ ವಿನಾಯಿತಿ ಸಿಗುವುದೂ ಇಲ್ಲ.

ಬ್ಯಾಂಕಿನಲ್ಲಿ ತಮಾಷೆ ಇರಲಿಲ್ಲ. ಮ್ಯಾನೇಜರ್ ಒಳ್ಳೆಯವರೇ, ಸ್ಲಿಪ್ಪುಗಳನ್ನು ಸಾಲಾಗಿ ಇಟ್ಟುಕೊಂಡು ಹಾರಾಟದ ಭತ್ಯೆಯ ಸಾಲಿನ ಮೇಲೆ ಪೆನ್ಸಿಲ್ ಎಳೆದರು. "ಇದು ತಿಂಗಳು ತಿಂಗಳು ಏರಿಳಿತ ಆಗ್ತದೆ, ಲೆಕ್ಕಕ್ಕೆ ತಗೊಳೋಕೆ ಬರಲ್ಲ." ಉಳಿದದ್ದು 26,000. ಅದರಲ್ಲಿ ಅರ್ಧದವರೆಗೆ ಕಂತು ಕಟ್ಟಬಹುದು. ಏವಿಯೇಷನ್ ಕೋರ್ಸಿಗೆ ಮಾಡಿದ ಸಾಲದ ಕಂತು 5,500 ಈಗಾಗಲೇ ಇದೆ. ಮಿಕ್ಕಿದ 7,500ಕ್ಕೆ ಇಪ್ಪತ್ತು ವರ್ಷದ ಅವಧಿಗೆ ಸಿಗುವುದು ಎಂಟೂವರೆ ಲಕ್ಷದ ಹತ್ತಿರ. ಸೆಪ್ಟೆಂಬರಿನ ಸಂಬಳ ಪೂರ್ತಿ ಹಿಡಿದಿದ್ದರೆ ಇಪ್ಪತ್ತು ದಾಟುತ್ತಿತ್ತು.

ದೊಡ್ಡ ಕಂಪನಿಗೆ ಹೋಗು ಎಂದು ನಾನೇ ಹೇಳಿದೆ. ಅವಳು ಯೋಚಿಸಿರಲಿಲ್ಲವೆಂದಲ್ಲ. ಒಂದು ಕಡೆ ಸಂದರ್ಶನಕ್ಕೂ ಹೋಗಿ ಬಂದಿದ್ದಳು. ಬೆಂಗಳೂರು ಬೇಸ್ ಕೊಡುವ ಖಾತ್ರಿ ಇಲ್ಲ ಎಂದರಂತೆ. ದೆಹಲಿಗೆ ಹಾಕಿದರೆ ಹೆಚ್ಚುವರಿ ಬಂದದ್ದು ಬಾಡಿಗೆಗೆ ಹೋಗುತ್ತದೆ, ಅಪ್ಪನ ಮಂಡಿ ಆಪರೇಷನ್ ಬೇರೆ ಬಾಕಿ. ಇಲ್ಲಾದರೆ ಕಂಪನಿಯ ಕ್ಯಾಬು ದೇವನಹಳ್ಳಿಯವರೆಗೆ ಮಾತ್ರ ಬರುತ್ತದೆ ನಿಜ, ರಾತ್ರಿ ಎರಡೂವರೆಗೆ ಅಪ್ಪನೇ ಸ್ಕೂಟರಿನಲ್ಲಿ ಹೆದ್ದಾರಿ ಹಿಡಿದು ಅಲ್ಲಿಗೆ ಬಿಟ್ಟು ಬರುತ್ತಾರೆ ನಿಜ, ಆದರೂ ಮಲಗುವುದು ಸ್ವಂತ ಮನೆಯಲ್ಲಿ. ಜೊತೆಗೆ ಸಣ್ಣ ಕಂಪನಿಯಲ್ಲಿ ಎರಡನೇ ವರ್ಷಕ್ಕೇ ಅವಳು ಸೀನಿಯರ್ ಆಗಿದ್ದಾಳೆ, ದೊಡ್ಡ ಕಡೆ ಮತ್ತೆ ಮೊದಲಿಂದ. ನಾನು ಸುಮ್ಮನಾದೆ. ಸ್ಲಿಪ್ಪಿನಲ್ಲಿ ಇವು ಯಾವುದೂ ಬರೆದಿರುವುದಿಲ್ಲ.

ಮಾರ್ಚ್ ಕೊನೆಯಲ್ಲಿ ಬೇಸಿಗೆಯ ವೇಳಾಪಟ್ಟಿ ಬಂತು. ಕಂಪನಿ ಆ ವಿಮಾನವನ್ನು ಒಂದು ದೂರದ ಮಾರ್ಗಕ್ಕೆ ಹಾಕಿತು, ಒಂದು ಸೆಕ್ಟರ್ ಎರಡು ಗಂಟೆಗೆ ಹತ್ತಿರ. ಏಪ್ರಿಲ್‌ನಲ್ಲಿ ಅವಳಿಗೆ 63 ಗಂಟೆ ಬಿತ್ತು, ಡೈರಿಯ ಪ್ರಕಾರ ಡ್ಯೂಟಿ 140. ಅಂದರೆ ಸೆಪ್ಟೆಂಬರಿಗಿಂತ ಕಮ್ಮಿ ದುಡಿದು ಗಂಟೆಗೆ ಹೆಚ್ಚು ಪಡೆದಳು. ಮಧ್ಯಾಹ್ನದ ವಿಮಾನ ಇದ್ದ ಆ ಊರಿಗೆ ಈಗ ಬೆಳಗಿನದೂ ವಾರಕ್ಕೆ ನಾಲ್ಕೇ ದಿನ.

ಅವರು ಎಂಟೂವರೆ ಲಕ್ಷವನ್ನೇ ತೆಗೆದುಕೊಂಡರು. ಕೆಳಗಿನ ಸೋರುವ ಮಾಳಿಗೆ ಕಿತ್ತು ಆರ್‌ಸಿಸಿ ಹಾಕಿಸಿ, ಹಿಂದೆ ಒಂದು ರೂಮು ಬಚ್ಚಲು ಕಟ್ಟಿಸುವಷ್ಟರಲ್ಲಿ ಹಣ ಮುಗಿಯಿತು. ಮೇಲ್ಮಹಡಿಗೆಂದು ಬಿಟ್ಟ ಪಿಲ್ಲರಿನ ಕಂಬಿಗಳು ಹಾಗೇ ನಿಂತಿವೆ. ಮಳೆಗಾಲಕ್ಕೆ ತುಕ್ಕು ಹಿಡಿಯಬಾರದೆಂದು ಅಪ್ಪ ಅವಕ್ಕೆ ಸಿಮೆಂಟ್ ನೀರು ಬಳಿಸಿದ್ದಾರೆ.